ಹೊಳೆಯ ಈಚೆಗೊಂದು ಕಾನೂನು, ಆಚೆಗೊಂದು ಕಾನೂನು

ಚುನಾವಣೆ ಹತ್ತಿರ ಬಂತೆಂದರೆ ಸಾಕು, ನಾಲ್ಕಕ್ಷರ ಕಲಿತವರ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 'ಓದು ಬರಹ ನೆಟ್ಟಗಿಲ್ಲದವರೆಲ್ಲ ವಿಧಾನಸಭೆಗೆ ಹೋಗಿ ಕಾನೂನು ಮಾಡುತ್ತಾರೆ, ಇನ್ನು ದೇಶ ಉದ್ಧಾರವಾದ ಹಾಗೆಯೇ. ಕಾನೂನು ಮಾಡುವ ಕೆಲಸವನ್ನು ತಿಳಿದವರಿಗೆ ಬಿಟ್ಟುಬಿಡಬೇಕು' ಎಂಬುದು ಆ ಮಾತು. ನಮ್ಮ ಸ್ಟಾಫ್ ರೂಮಿನಲ್ಲಂತೂ ಬೆಲ್ ಹೊಡೆಯುವವರೆಗೂ ಇದರ ಮೇಲೆ ಚರ್ಚೆ ನಡೆಯುತ್ತದೆ. ಹೆಂಗಸರಾದ ನಾವು ಒಂದು ಕಡೆ ಕೂತು ಊಟದ ಡಬ್ಬಿ ಬಿಚ್ಚುತ್ತ ಹೌದೌದು ಎಂದು ತಲೆಯಾಡಿಸುವುದೇ ಹೆಚ್ಚು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಸಕಾಂಗದ ಪಾಠ ಮಾಡುವಾಗ ಇದನ್ನೇ ನೇರವಾಗಿ ಕೇಳಿದಳು: 'ಟೀಚರ್, ಪಾಠ ಮಾಡೋಕೆ ನೀವು ಬಿ.ಎಡ್. ಮಾಡ್ಬೇಕು, ಬಸ್ ಓಡ್ಸೋಕೆ ಲೈಸೆನ್ಸ್ ಬೇಕು. ಕಾನೂನು ಮಾಡೋರಿಗೆ ಮಾತ್ರ ಯಾಕೆ ಏನೂ ಬೇಡ?' ಪಠ್ಯಪುಸ್ತಕದಲ್ಲಿ ಇದಕ್ಕೆ ಎರಡು ಸಾಲಿನ ಉತ್ತರವಿದೆ. ಪ್ರಜಾಪ್ರಭುತ್ವದಲ್ಲಿ ಜನರೇ ಪ್ರಭುಗಳು ಎಂದು ಹೇಳಿ ಮುಂದಿನ ಪುಟಕ್ಕೆ ಹೋಗಬಹುದು. ಆದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ಬಲ್ಲವರು ಕಾನೂನು ಮಾಡಬೇಕೆ, ಗೆದ್ದವರು ಮಾಡಬೇಕೆ? ಗಾಳಿಯಲ್ಲಿ ವಾದ ಮಾಡುವುದಕ್ಕಿಂತ, ನಮ್ಮ ನಿಮ್ಮೆಲ್ಲರ ಮನೆಗೂ ಸಂಬಂಧಪಟ್ಟ ಒಂದೇ ಒಂದು ವಿಷಯ ಹಿಡಿದು, ಅದರಲ್ಲಿ ಬಲ್ಲವರು ಏನು ಮಾಡಿದರು, ಗೆದ್ದವರು ಏನು ಮಾಡಿದರು ಎಂದು ಲೆಕ್ಕ ಹಾಕಿ ನೋಡೋಣ. ಆ ವಿಷಯ ಬೇರೆ ಯಾವುದೂ ಅಲ್ಲ, ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು.

ಈ ಲೆಕ್ಕ ಹಾಕಲು ನಮ್ಮ ದಾವಣಗೆರೆ ಹರಿಹರದಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗಲಾರದು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಹರಿಹರದ ತುಂಗಭದ್ರೆ ಒಂದು ಕಾಲಕ್ಕೆ ಬರೀ ಹೊಳೆಯಾಗಿರಲಿಲ್ಲ, ಗಡಿಯಾಗಿತ್ತು. ಈಚೆ ದಡದ ಹರಿಹರ, ದಾವಣಗೆರೆ ಎಲ್ಲ ಚಿತ್ರದುರ್ಗ ಜಿಲ್ಲೆಗೆ ಸೇರಿ ಮೈಸೂರು ಮಹಾರಾಜರ ಸಂಸ್ಥಾನ. ಆಚೆ ದಡದ ಕುಮಾರಪಟ್ಟಣ, ರಾಣೆಬೆನ್ನೂರು ಎಲ್ಲ ಧಾರವಾಡ ಜಿಲ್ಲೆ, ಬ್ರಿಟಿಷರ ಮುಂಬಯಿ ಪ್ರಾಂತ. ಪಕ್ಕದ ಹರಪನಹಳ್ಳಿಗೆ ಹೋದರೆ ಅದು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ. ಒಂದು ದಿನದ ಗಾಡಿ ಪಯಣದಲ್ಲಿ ಮೂರು ಸರಕಾರ ನೋಡಿ ಬರಬಹುದಾಗಿತ್ತು. ಭಾಷೆ ಒಂದೇ, ಜೋಳದ ರೊಟ್ಟಿ ಒಂದೇ, ಕೊಟ್ಟು ತಂದು ಮಾಡುವ ಸಂಬಂಧ ಒಂದೇ. ಕಾನೂನು ಮಾತ್ರ ಬೇರೆ ಬೇರೆ.

ನನ್ನ ತಾಯಿಯ ತಾಯಿಯ ತವರು ಹೊಳೆಯಾಚೆ. ಅವರನ್ನು ಕೊಟ್ಟದ್ದು ಈಚೆ ಹರಿಹರದ ಸೀಮೆಗೆ. ಅವರ ಅಕ್ಕನನ್ನು ಆಚೆಯ ಹಳ್ಳಿಯಲ್ಲೇ ಕೊಟ್ಟಿದ್ದರು. ಆ ದೊಡ್ಡಜ್ಜಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮಕ್ಕಳಿರಲಿಲ್ಲ. ಕೂಡು ಕುಟುಂಬದಲ್ಲಿ ಗಂಡನ ಪಾಲು ಭಾವ ಮೈದುನಂದಿರ ಪಾಲಿನಲ್ಲಿ ಬೆರೆತುಹೋಯಿತು. ಆಕೆಗೆ ಸಿಕ್ಕಿದ್ದು ಜೀವನಾಂಶ: ವರ್ಷಕ್ಕಿಷ್ಟು ಜೋಳ, ಎರಡು ಸೀರೆ, ಹಿತ್ತಿಲ ಕಡೆಯ ಒಂದು ಕೋಣೆ. ಯಾರೂ ಅನ್ಯಾಯ ಮಾಡಿದರು ಎಂದು ಆಕೆ ಹೇಳುತ್ತಿರಲಿಲ್ಲ. ಅಂದಿನ ಶಾಸ್ತ್ರ ಇದ್ದದ್ದೇ ಹಾಗೆ. ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಗಂಡು ಹುಟ್ಟಿದ ಕೂಡಲೆ ಪಾಲುದಾರ. ಒಬ್ಬ ಪಾಲುದಾರ ತೀರಿಕೊಂಡರೆ ಅವನ ಭಾಗ ಉಳಿದ ಗಂಡಸರಿಗೆ. ಹೆಣ್ಣಿಗೆ ಅನ್ನ ಬಟ್ಟೆ. ಹೊಳೆಯ ಎರಡೂ ದಡದಲ್ಲಿ ಮೊದಲು ಇದೇ ನಡೆಯುತ್ತಿತ್ತು.

ಈಗ ಮೈಸೂರಿನ ಕಡೆ ಬರೋಣ. 1881ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅದು ಮೊದಲು ಸೇರಿದ್ದು ಆ ವರ್ಷದ ಅಕ್ಟೋಬರ್ 7ರಂದು, 144 ಜನ ಸದಸ್ಯರೊಂದಿಗೆ. ತಾಲೂಕಿಗೆ ಒಬ್ಬಿಬ್ಬರು ಜಮೀನುದಾರರು, ಜಿಲ್ಲೆಗೆ ಮೂರು ನಾಲ್ಕು ಜನ ದೊಡ್ಡ ವರ್ತಕರು. ವರ್ಷಕ್ಕೊಮ್ಮೆ ದಸರಾ ಸಮಯದಲ್ಲಿ ಮೈಸೂರಿಗೆ ಹೋಗಿ ತಮ್ಮ ಸೀಮೆಯ ಕಷ್ಟಸುಖ ಅರಿಕೆ ಮಾಡಿಕೊಳ್ಳುವುದು ಅವರ ಕೆಲಸ. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. 1891ರಲ್ಲಿ ಶೇಷಾದ್ರಿ ಅಯ್ಯರ್ ಅವರು ಚುನಾವಣೆ ತಂದರು, ಆದರೆ ಮತ ಹಾಕುವವನು ಆಸ್ತಿವಂತನಾಗಿರಬೇಕಿತ್ತು.

ಹಾಗಾದರೆ ಕಾನೂನು ಮಾಡುತ್ತಿದ್ದವರು ಯಾರು? ದಿವಾನರು ಮತ್ತು ಅವರ ಅಧಿಕಾರಿಗಳು. ಅಂದರೆ ಬಲ್ಲವರು. 1894ರಲ್ಲಿ ಅವರು ಶಿಶುವಿವಾಹ ತಡೆಯುವ ಒಂದು ಕಾಯಿದೆ ತಂದರು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವುದು ತಪ್ಪು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದು ತಪ್ಪು. ಈಗ ಓದಿದರೆ 'ಎಂಟು ವರ್ಷವೇ!' ಎಂದು ಎದೆ ಝಲ್ಲೆನ್ನುತ್ತದೆ. ಆದರೆ ಇಡೀ ದೇಶಕ್ಕೆ ಶಾರದಾ ಕಾಯಿದೆ ಎಂದು ಹೆಸರಾದ ಬಾಲ್ಯವಿವಾಹ ನಿಷೇಧ ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1929ರಲ್ಲಿ ಎಂಬುದನ್ನು ನೆನೆದರೆ, ಇಲ್ಲಿ ಮೂವತ್ತೈದು ವರ್ಷ ಮೊದಲೇ ಒಂದು ಹೆಜ್ಜೆ ಇಟ್ಟಿದ್ದರು ಎನ್ನಬೇಕಾಗುತ್ತದೆ.

1907ರಲ್ಲಿ ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲಕ್ಕೆ ನ್ಯಾಯವಿಧಾಯಕ ಸಭೆ ಬಂತು. ಅದರ ಉದ್ದೇಶವೇ ಅನುಭವಸ್ಥರನ್ನು, ನಾಡಿನ ಸ್ಥಿತಿಗತಿ ಬಲ್ಲವರನ್ನು ಕಾನೂನಿನ ಕೆಲಸಕ್ಕೆ ಜೊತೆ ಮಾಡಿಕೊಳ್ಳುವುದು. ಹೀಗೆ ನಮ್ಮ ಸಂಸ್ಥಾನದಲ್ಲಿ ಎರಡು ಮನೆಗಳಾದವು. ಒಂದು ಕಷ್ಟ ಹೇಳಿಕೊಳ್ಳುವ ಮನೆ, ಇನ್ನೊಂದು ಕಾನೂನು ಬರೆಯುವ ಮನೆ. ಇವೆರಡರ ನಡುವೆ ಸರಿಯಾದ ಬಾಗಿಲು ಇರಲಿಲ್ಲ. ಆ ಬಾಗಿಲು ತೆರೆದದ್ದು 1923ರ ಸುಧಾರಣೆ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿ ಇದಕ್ಕೆ ದಾರಿ ಹಾಕಿತ್ತು. ಇನ್ನು ಮುಂದೆ ಮಸೂದೆಯ ಮೂಲ ತತ್ತ್ವಗಳ ಬಗ್ಗೆ ಮೊದಲು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕು, ಆಮೇಲೆ ನ್ಯಾಯವಿಧಾಯಕ ಸಭೆಯಲ್ಲಿ ಅದು ಕಾನೂನಾಗಬೇಕು ಎಂದಾಯಿತು. 'ಏನು ಬೇಕು' ಎಂದು ಹೇಳುವವರು ಒಬ್ಬರು, 'ಹೇಗೆ ಆಗಬೇಕು' ಎಂದು ಬರೆಯುವವರು ಇನ್ನೊಬ್ಬರು.

ಆ ಸುಧಾರಣೆಯಲ್ಲೇ ಇನ್ನೊಂದು ಮಾತೂ ಸೇರಿತ್ತು. ಹೆಣ್ಣು ಎಂಬ ಕಾರಣಕ್ಕೆ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಯಲ್ಲಿ ಮತ ನಿರಾಕರಿಸುವಂತಿಲ್ಲ ಎಂದು. ಕೇಳಲು ಬಹಳ ಚೆನ್ನಾಗಿದೆ. ಆದರೆ ಮತ ಹಾಕಲು ಆಸ್ತಿಯೋ, ಕಂದಾಯವೋ, ಓದಿನ ಪದವಿಯೋ ಇರಬೇಕೆಂಬ ನಿಯಮ ಹಾಗೆಯೇ ಇತ್ತು. ಈಗ ನೀವೇ ಯೋಚಿಸಿ. ಆಸ್ತಿ ಇದ್ದರೆ ಮತ. ಹೆಣ್ಣಿಗೆ ಆಸ್ತಿಯಿಲ್ಲ, ಆದ್ದರಿಂದ ಮತವಿಲ್ಲ. ಮತವಿಲ್ಲದ್ದರಿಂದ ಆಕೆಗೆ ಆಸ್ತಿ ಕೊಡಿ ಎಂದು ಸಭೆಯಲ್ಲಿ ಕೇಳುವವರಿಲ್ಲ. ಕೇಳುವವರಿಲ್ಲದ್ದರಿಂದ ಆಸ್ತಿಯಿಲ್ಲ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತುವ ಈ ಲೆಕ್ಕದಲ್ಲಿ, ಸಭೆಯೊಳಗೆ ಕೂತ ಜಮೀನುದಾರರೆಲ್ಲ ಅಣ್ಣತಮ್ಮಂದಿರೇ. ತಂಗಿಗೆ ಪಾಲು ಕೊಡುವ ಕಾನೂನು ತರಲು ಅವರಿಗೇನು ಅವಸರ?

ಈ ಸುತ್ತನ್ನು ಮುರಿಯಲು ಆಗ ಬೇಕಾದದ್ದು ಬಲ್ಲವರೇ. ಮೈಸೂರಿನ ಉನ್ನತ ನ್ಯಾಯಾಧೀಶರಾಗಿದ್ದ ಕೆ.ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತು ಒಂದು ಸಮಿತಿ ಕೂತು, 1930ರಲ್ಲಿ ವರದಿ ಕೊಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಆಡಳಿತದಲ್ಲಿದ್ದ ಕಾಲ. 1933ರಲ್ಲಿ ಮೈಸೂರು ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯಿದೆ ಬಂತು. ತಂದೆ ಮಕ್ಕಳು ಅಥವಾ ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ. ಗಂಡುಮಕ್ಕಳಿಲ್ಲದೆ ಸತ್ತವನ ವಿಧವೆಗೆ, ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದ ಪಾಲಿನ ಅರ್ಧ. ಮದುವೆಯಾಗದ ಮಗಳಿಗೆ, ತಂಗಿಗೆ, ಅಣ್ಣತಮ್ಮನ ಪಾಲಿನ ಕಾಲು ಭಾಗ. ಗಂಡ ಕ್ರೂರಿಯಾದರೆ, ಇನ್ನೊಬ್ಬಳನ್ನು ಕಟ್ಟಿಕೊಂಡರೆ, ಬೇರೆ ವಾಸವಿದ್ದು ಜೀವನಾಂಶ ಕೇಳುವ ಹಕ್ಕು. ಅರ್ಧ, ಕಾಲು ಎಂದು ಮೂಗು ಮುರಿಯಬೇಡಿ. ಸೊನ್ನೆಯ ಪಕ್ಕದಲ್ಲಿ ಕಾಲು ಎಂಬುದು ದೊಡ್ಡ ಸಂಖ್ಯೆಯೇ. ನಮ್ಮ ದೊಡ್ಡಜ್ಜಿಯನ್ನು ಹೊಳೆಯ ಈಚೆಗೆ ಕೊಟ್ಟು, ಗಂಡ ಈ ಕಾಯಿದೆ ಬಂದ ಮೇಲೆ ತೀರಿಕೊಂಡಿದ್ದರೆ, ಹಿತ್ತಿಲ ಕೋಣೆಯ ಬದಲು ಆಕೆಗೆ ಹೊಲವೇ ಇರುತ್ತಿತ್ತು. ನಮ್ಮಜ್ಜಿ ಇದನ್ನು 'ಮೈಸೂರು ಸೀಮಿ ಪುಣ್ಯ' ಎನ್ನುತ್ತಿದ್ದರು.

ಅಂದಮೇಲೆ ಬಲ್ಲವರಿಗೇ ಜಯ ಎನ್ನೋಣವೆ? ಸ್ವಲ್ಪ ತಡೆಯಿರಿ. ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ತಾಯಿ ಇದ್ದಾಳೆ, ವಿಧವೆ ಇದ್ದಾಳೆ, ಮದುವೆಯಾಗದ ಮಗಳಿದ್ದಾಳೆ. ಮದುವೆಯಾದ ಮಗಳಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಪಂಡಿತರೂ ನ್ಯಾಯಾಧೀಶರೂ ಆ ಗಾದೆಯನ್ನು ದಾಟಲಿಲ್ಲ. ಮದುವೆಗೆ ಮುಂಚೆ ಪಾಲು ಕೇಳುವ ಧೈರ್ಯ ಯಾವ ಹುಡುಗಿಗೆ ಇದ್ದೀತು? ಧೈರ್ಯ ಬರುವ ಹೊತ್ತಿಗೆ ಮದುವೆಯಾಗಿ ಹಕ್ಕು ಹೋಗಿರುತ್ತದೆ. ಈ ಒಳಗುಟ್ಟು ಅವರಿಗೆ ತೋಚಲಿಲ್ಲವೋ, ತೋಚಿದರೂ ಅಷ್ಟು ದೂರ ಹೋಗಲು ಮನಸ್ಸಾಗಲಿಲ್ಲವೋ.

ಹೊಳೆಯಾಚೆ ಆಗ ಏನು ನಡೆದಿತ್ತು? ಅಲ್ಲಿ ಬ್ರಿಟಿಷರು ಹಿಂದೂಗಳ ಕುಟುಂಬದ ವಿಷಯಕ್ಕೆ ಕೈಹಾಕಲು ಹೆದರುತ್ತಿದ್ದರು. ಆದರೆ ಕೇಂದ್ರ ಶಾಸನಸಭೆಗೆ ಮುಂಬಯಿಯಿಂದ ಆರಿಸಿಬಂದಿದ್ದ ಡಾ. ಜಿ.ವಿ. ದೇಶಮುಖ್ ಎಂಬ ಶಸ್ತ್ರವೈದ್ಯರು ಪಟ್ಟು ಹಿಡಿದು ಒಂದು ಮಸೂದೆ ತಂದರು. ಅದೇ 1937ರ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ. ಇದು ಗೆದ್ದವರ ಕೆಲಸ. ವಿಧವೆಗೆ ಗಂಡನ ಪಾಲು ಬದುಕಿರುವವರೆಗೆ ಅನುಭವಿಸುವ ಹಕ್ಕು ಬಂತು. ಮಗಳಿಗೆ ಏನೂ ಬರಲಿಲ್ಲ. ಅದೂ ಹೋಗಲಿ, ಬರೆದ ರೀತಿಯಲ್ಲಿ ದೋಷವಿತ್ತು. ಬೇಸಾಯದ ಭೂಮಿ ಪ್ರಾಂತಗಳ ವಿಷಯವಾದ್ದರಿಂದ ಈ ಕಾಯಿದೆ ಅದಕ್ಕೆ ಅನ್ವಯಿಸುವುದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಹೊಲ ಬಿಟ್ಟರೆ ಹಳ್ಳಿಯ ಹೆಣ್ಣಿಗೆ ಇನ್ನೆಂಥ ಆಸ್ತಿ? ಕೊನೆಗೆ ಪ್ರಾಂತಗಳು ಬೇರೆಯಾಗಿ ಕಾನೂನು ಮಾಡಿ ಇದನ್ನು ಸರಿಪಡಿಸಬೇಕಾಯಿತು. ಮನಸ್ಸು ಒಳ್ಳೆಯದಿದ್ದರೆ ಸಾಲದು, ಬರೆಯುವ ಕೈ ಪಳಗಿರಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಆ ಕಾಯಿದೆಯ ತೊಡಕು ಬಿಡಿಸಲು 1941ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ನಮ್ಮ ದಕ್ಷಿಣ ಕನ್ನಡದ ಮನೆತನದ ಬೆನಗಲ್ ನರಸಿಂಗರಾಯರು. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾಗಿ, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಮಾಡಿಕೊಟ್ಟವರೂ ಇವರೇ. ಅವರು ಆ ಸಭೆಯ ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ. ಅವರ ಕರಡನ್ನು ಡಾ. ಅಂಬೇಡ್ಕರ್ ಅವರ ಕರಡು ಸಮಿತಿ ತಿದ್ದಿತು. ಅದಕ್ಕೆ ಸಭೆಯಲ್ಲಿ 7,635 ತಿದ್ದುಪಡಿಗಳ ಸೂಚನೆ ಬಂದು, 2,473 ಮಂಡನೆಯಾದವು. ಬಲ್ಲವನೊಬ್ಬ ಬರೆಯುವುದು, ಬಾಧ್ಯಸ್ಥರು ಒಂದೊಂದು ಸಾಲನ್ನೂ ಜಗ್ಗಿ ನೋಡುವುದು ಎಂದರೆ ಇದು. ಅಂಬೇಡ್ಕರ್ ಅವರು 1949ರ ನವೆಂಬರ್ 25ರ ಭಾಷಣದಲ್ಲಿ ರಾಯರ ಋಣವನ್ನು ಬಾಯಿತುಂಬ ಒಪ್ಪಿಕೊಂಡರು.

ನರಸಿಂಗರಾಯರ ಹಿಂದೂ ಕಾನೂನು ಸಮಿತಿ 1945ರಲ್ಲಿ ಊರೂರು ತಿರುಗಿ ಸಾಕ್ಷ್ಯ ಕೇಳಿತು. ಗಂಡಿಗೆ ಹುಟ್ಟಿನಿಂದ ಬರುವ ಪಾಲಿನ ಪದ್ಧತಿಯನ್ನೇ ತೆಗೆದುಹಾಕಿ, ಮಗಳಿಗೂ ತಂದೆಯ ಆಸ್ತಿಯಲ್ಲಿ ಪಾಲಿರಲಿ ಎಂದು ಅದು ಬರೆಯಿತು. ಸ್ವಾತಂತ್ರ್ಯ ಬಂದ ಮೇಲೆ ಇದೇ ಹಿಂದೂ ಸಂಹಿತೆಯ ಮಸೂದೆಯಾಗಿ, ಅಂಬೇಡ್ಕರ್ ಅದನ್ನು ಹೊತ್ತು ಹೋರಾಡಿದರು. ಅದು ಮುಂದೆ ಸಾಗದೆ ನಿಂತದ್ದು 1951ರಲ್ಲಿ ಅವರು ಮಂತ್ರಿಪದವಿ ಬಿಟ್ಟ ಕಾರಣಗಳಲ್ಲಿ ಒಂದು. ಮೊದಲ ಮಹಾಚುನಾವಣೆ ನಡೆದು, ಆಸ್ತಿಯ ಷರತ್ತಿಲ್ಲದೆ ವಯಸ್ಸಿಗೆ ಬಂದ ಎಲ್ಲ ಹೆಂಗಸರೂ ಮತ ಹಾಕಿದ ಮೇಲೆ, ಸಂಸತ್ತು ಅದನ್ನು ತುಂಡು ತುಂಡಾಗಿ ಕಾನೂನು ಮಾಡಿತು. ಉತ್ತರಾಧಿಕಾರದ ಕಾಯಿದೆ ಜಾರಿಗೆ ಬಂದದ್ದು 1956ರ ಜೂನ್ 17. ಅದೇ ವರ್ಷ ನವೆಂಬರ್ 1ಕ್ಕೆ ಹೊಳೆಯ ಎರಡೂ ದಡ ಒಂದೇ ರಾಜ್ಯವಾದವು. ಸೀಮೆ ಒಂದಾಗುವುದಕ್ಕೆ ನಾಲ್ಕೂವರೆ ತಿಂಗಳು ಮೊದಲೇ ಹೆಣ್ಣಿನ ಕಾನೂನು ಒಂದಾಗಿತ್ತು.

ಆದರೆ ಗೆದ್ದವರು ಬಲ್ಲವರ ಕರಡಿನಿಂದ ಒಂದು ದೊಡ್ಡ ತುಂಡನ್ನು ಕತ್ತರಿಸಿದ್ದರು. ಪಿತ್ರಾರ್ಜಿತದಲ್ಲಿ ಗಂಡಿನ ಹುಟ್ಟುಹಕ್ಕನ್ನು ಹಾಗೆಯೇ ಉಳಿಸಿದರು. ಮಕ್ಕಳಿಗೆ ಹೇಳುವ ಹಾಗೆ ಲೆಕ್ಕದಲ್ಲಿ ಹೇಳುತ್ತೇನೆ. ತಾಯಿ ತೀರಿಕೊಂಡಿದ್ದಾರೆ, ತಂದೆ, ಒಬ್ಬ ಮಗ, ಒಬ್ಬಳು ಮಗಳು, ಹನ್ನೆರಡು ಎಕರೆ ಪಿತ್ರಾರ್ಜಿತ ಹೊಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಮೊದಲು ತಂದೆಗೆ ಆರು, ಮಗನಿಗೆ ಆರು ಎಂದು ಭಾವಿಸಬೇಕು. ಆಮೇಲೆ ತಂದೆಯ ಆರನ್ನು ಮಗ ಮಗಳು ಮೂರು ಮೂರು ಹಂಚಿಕೊಳ್ಳಬೇಕು. ಮಗನಿಗೆ ಒಟ್ಟು ಒಂಬತ್ತು, ಮಗಳಿಗೆ ಮೂರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂಬತ್ತು ಮತ್ತು ಮೂರು! ಆದರೂ ಒಂದು ಗುಣವಿತ್ತು. ಆ ಮೂರು ಎಕರೆ ಮದುವೆಯಾದ ಮಗಳಿಗೂ ಸಿಗುತ್ತಿತ್ತು. ಮೈಸೂರಿನ ಪಂಡಿತರು ದಾಟದ ಗಾದೆಯನ್ನು ಸಂಸತ್ತು ಅಷ್ಟರಮಟ್ಟಿಗೆ ದಾಟಿತು.

ಈ ಒಂಬತ್ತು ಮೂರನ್ನು ಸರಿಮಾಡಲು ಮತ್ತೆ ಮುಂದೆ ಬಂದದ್ದು ರಾಜ್ಯಗಳು. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಮಗಳನ್ನೂ ಹುಟ್ಟಿನಿಂದ ಪಾಲುದಾರಳು ಎಂದವು. ನಮ್ಮ ಕರ್ನಾಟಕದ ತಿದ್ದುಪಡಿಗೆ 1990ರ ಹೆಸರಿದೆ, ಅದು ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ನಮ್ಮ ಲೆಕ್ಕದಲ್ಲಿ ಈಗ ತಂದೆ, ಮಗ, ಮಗಳು ನಾಲ್ಕು ನಾಲ್ಕು ಎಕರೆ. ತಂದೆಯ ನಾಲ್ಕರಲ್ಲಿ ಎರಡೆರಡು. ಒಟ್ಟು ಆರು, ಆರು. ಆದರೆ ಒಂದು ಕೊಕ್ಕೆಯಿತ್ತು. ಆ ದಿನಾಂಕಕ್ಕೆ ಮೊದಲು ಮದುವೆಯಾದವಳಿಗೆ ಈ ಹಕ್ಕಿಲ್ಲ.

ನನ್ನ ಮದುವೆ ಆದದ್ದು 1993ರ ಮೇ ತಿಂಗಳಲ್ಲಿ. ತಂಗಿಯದು 1995ರಲ್ಲಿ. ಅದೇ ಚಪ್ಪರ, ಅದೇ ತಂದೆ ತಾಯಿ, ಅದೇ ಹೊಲ. ತಂಗಿ ಪಾಲುದಾರಳು, ನಾನು ಅತಿಥಿ. ಮಸೂದೆಯ ಹೆಸರಿನಲ್ಲಿರುವ ವರ್ಷಕ್ಕೂ ಅದು ಜಾರಿಗೆ ಬಂದ ವರ್ಷಕ್ಕೂ ನಡುವೆ ನಮ್ಮ ಸೀಮೆಯಲ್ಲಿ ಎಷ್ಟು ಹೆಣ್ಣುಮಕ್ಕಳ ಧಾರೆಯಾಯಿತೋ, ಅಷ್ಟೂ ಜನರ ಹಕ್ಕು ಧಾರೆಯ ನೀರಿನ ಜೊತೆ ಹರಿದುಹೋಯಿತು. ಕಾನೂನು ತಡವಾದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಲಗ್ನಪತ್ರಿಕೆ ತೋರಿಸುತ್ತೇನೆ.

ಆಮೇಲಿನ ಕಥೆ ಇನ್ನೂ ಕುತೂಹಲದ್ದು. ಕೇಂದ್ರದ ಕಾನೂನು ಆಯೋಗ, ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿಯವರ ಅಧ್ಯಕ್ಷತೆಯಲ್ಲಿ, 2000ದ ಮೇ ತಿಂಗಳಲ್ಲಿ 174ನೆಯ ವರದಿ ಕೊಟ್ಟಿತು. ಮಗಳೂ ಹುಟ್ಟಿನಿಂದ ಪಾಲುದಾರಳಾಗಬೇಕು ಎಂದಿತು. ಆದರೆ ಕಾಯಿದೆ ಬರುವ ಮುಂಚೆ ಮದುವೆಯಾದವಳಿಗೆ ಬೇಡ ಎಂದೂ ಹೇಳಿತು. ಕಾರಣ, ಆಕೆಗೆ ಮದುವೆಯಲ್ಲಿ ಆಗಲೇ ಕೊಟ್ಟಾಗಿರುತ್ತದೆ ಎಂಬುದು. ಎಪ್ಪತ್ತು ವರ್ಷ ಕಳೆದರೂ ಬಲ್ಲವರು ಚಂದ್ರಶೇಖರ ಅಯ್ಯರ್ ಸಮಿತಿಯ ಹೊಸ್ತಿಲಲ್ಲೇ ನಿಂತಿದ್ದರು. ಆ ಹೊಸ್ತಿಲು ದಾಟಿಸಿದ್ದು ಸಂಸತ್ತು. ಮಹಿಳಾ ಸಂಘಟನೆಗಳು ಒತ್ತಾಯ ಮಾಡಿದವು, ಸಂಸತ್ತಿನ ಸ್ಥಾಯೀ ಸಮಿತಿಯಲ್ಲಿ ಚರ್ಚೆಯಾಯಿತು. 2005ರ ಸೆಪ್ಟೆಂಬರ್ 9ಕ್ಕೆ ಜಾರಿಯಾದ ತಿದ್ದುಪಡಿಯಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದವೇ ಇರಲಿಲ್ಲ. ಹನ್ನೊಂದು ವರ್ಷ ಅತಿಥಿಯಾಗಿದ್ದ ನಾನು ಮತ್ತೆ ಮನೆಯ ಮಗಳಾದೆ. ನನಗೆ ಆ ಹಕ್ಕು ಕೊಟ್ಟವರಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ಬೈಸಿಕೊಳ್ಳುವ ಮಂದಿಯೇ ಹೆಚ್ಚಿನವರು.

ಆ ಕಾಯಿದೆಯ ಅರ್ಥವನ್ನು ಹೇಳುವಾಗ ಬಲ್ಲವರಲ್ಲೇ ಮತ್ತೆ ಭೇದ ಬಂತು. ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2018ರಲ್ಲಿ ಇನ್ನೊಂದು ಪೀಠ ಬೇರೆ ರೀತಿ ಹೇಳಿತು. ಎರಡೂ ನಮ್ಮ ಕರ್ನಾಟಕದ ಹೆಣ್ಣುಮಕ್ಕಳ ದಾವೆಗಳೇ. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಅಂದು ಬದುಕಿರಲೇಬೇಕೆಂದಿಲ್ಲ ಎಂದು ತೀರ್ಮಾನಿಸಿತು.

ಇಷ್ಟೂ ಲೆಕ್ಕ ಕೂಡಿ ಕಳೆದರೆ ನನಗೆ ತೋರುವುದು ಇದು. ಮತ ಕೆಲವರಿಗೆ ಮಾತ್ರ ಇದ್ದಾಗ, ಗೆದ್ದವರು ಆ ಕೆಲವರ ಹಿತವನ್ನೇ ಕಾಯುತ್ತಾರೆ. ಆಗ ನ್ಯಾಯಬುದ್ಧಿಯ ಬಲ್ಲವರೇ ಮೇಲು. ಸ್ವಿಟ್ಜರ್ಲೆಂಡ್ ನೋಡಿ, ಜನರೇ ನೇರವಾಗಿ ಮತ ಹಾಕಿ ಕಾನೂನು ಒಪ್ಪುವ ದೇಶ. ಹೆಂಗಸರಿಗೆ ಮತ ಕೊಡಬೇಕೆ ಎಂದು 1959ರಲ್ಲಿ ಕೇಳಿದಾಗ ಅಲ್ಲಿಯ ಗಂಡಸರು ಬೇಡ ಎಂದರು, ಒಪ್ಪಿದ್ದು 1971ರಲ್ಲಿ. ಅಲ್ಲಿಯ ಅಪೆನ್ಜೆಲ್ ಎಂಬ ಸಣ್ಣ ಪ್ರಾಂತದ ಗಂಡಸರು ತಮ್ಮ ಪ್ರಾಂತದ ಮತದ ವಿಷಯದಲ್ಲಿ 1990ರಲ್ಲೂ ಒಪ್ಪಲಿಲ್ಲ, ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. ಆದರೆ ಮತ ಎಲ್ಲರಿಗೂ ಬಂದ ಮೇಲೆ ತಕ್ಕಡಿ ಬದಲಾಗುತ್ತದೆ. ಬಲ್ಲವರು ತಮ್ಮ ಕಾಲದ ಗಾದೆಯೊಳಗೇ ಉಳಿದರೆ ಅವರನ್ನು ಕೇಳುವವರಿಲ್ಲ. ವರದಿ ಬರೆದು ಸಹಿ ಹಾಕಿ ಎದ್ದುಹೋದರೆ ಮುಗಿಯಿತು. ಗೆದ್ದವರು ಐದು ವರ್ಷಕ್ಕೊಮ್ಮೆ ನಮ್ಮ ಹೊಸ್ತಿಲಿಗೆ ಬಂದು ಕೈಮುಗಿಯಲೇಬೇಕು. ಅವರ ಕಲಿಕೆ ನಿಧಾನ, ಆದರೆ ಅವರಿಗೆ ಕಲಿಸುವ ಅಧಿಕಾರ ನಮ್ಮ ಕೈಯಲ್ಲಿದೆ.

ಇವರಿಬ್ಬರನ್ನೂ ಜೊತೆಗೆ ಕೂಡಿಸುವ ಯತ್ನ ಈಗಲೂ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ, 11 ನಾಮಕರಣಕ್ಕೆ. ಪ್ರೌಢಶಾಲೆಯ ಶಿಕ್ಷಕಿಯಾದ ನನಗೆ ಅಲ್ಲಿಗೂ ಒಂದು ಮತವಿದೆ. ಬಲ್ಲವರು ಬರಲಿ ಎಂದು ಮಾಡಿದ ಆ ಸ್ಥಾನಗಳಿಗೆ ಎಂಥವರು ಬರುತ್ತಾರೆ, ಅಲ್ಲೂ ಹೇಗೆ ಪಕ್ಷ, ಜಾತಿ ನೋಡುತ್ತೇವೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಶಾಸಕರಿಗೆ ಪರೀಕ್ಷೆ ಇಡಿ ಎನ್ನುವವರಿಗೆ ನನ್ನ ಉತ್ತರ: ಪರೀಕ್ಷೆ ಇದೆ, ಪ್ರಶ್ನೆಪತ್ರಿಕೆ ತೆಗೆಯುವವರೇ ಸೋಮಾರಿಗಳಾಗಿದ್ದೇವೆ. ಓಟು ಕೇಳಲು ಬಂದವರನ್ನು ನಲ್ಲಿ ನೀರು, ರಸ್ತೆ ಕೇಳುತ್ತೇವೆ. ಹೆಂಗಸರ ಹಕ್ಕಿನ ಮಸೂದೆ ಬಂದಾಗ ಎಲ್ಲಿದ್ದಿರಿ ಎಂದು ಕೇಳುವುದಿಲ್ಲ. 1923ರ ಹೆಂಗಸರಲ್ಲಿ ಹೆಚ್ಚಿನವರಿಗೆ ಮತವಿರಲಿಲ್ಲ. ನಮಗೆ ಆ ನೆಪವೂ ಇಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗ ಸ್ಥಾನ ಹೆಂಗಸರಿಗೆ ಎಂಬ ಸಂವಿಧಾನ ತಿದ್ದುಪಡಿ 2023ರಲ್ಲಿ ಆಯಿತು, ಜನಗಣತಿ, ಕ್ಷೇತ್ರ ವಿಂಗಡಣೆಯ ನಂತರ ಜಾರಿ ಎಂಬ ಷರತ್ತಿನೊಂದಿಗೆ. ತಡವಾದ ಕಾನೂನಿನ ಬೆಲೆ ಏನೆಂದು ನಾನು ಆಗಲೇ ಹೇಳಿದ್ದೇನೆ.

ಇನ್ನೊಂದು ಮಾತು. ಬಲ್ಲವರು ಬರೆದು, ಗೆದ್ದವರು ಒಪ್ಪಿ, ನ್ಯಾಯಾಲಯ ಅರ್ಥ ಹೇಳಿದ ಮೇಲೂ ಕಾನೂನು ಪೂರ್ತಿಯಾಗುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅದು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ನಿಂತುಬಿಡುತ್ತದೆ. ನಮ್ಮ ಕಡೆ ಭದ್ರಾ ನಾಲೆಯ ನೀರು ಬಂದ ಮೇಲೆ ಮಳೆ ನಂಬಿದ ಹೊಲ ಗದ್ದೆಯಾಯಿತು, ಗದ್ದೆ ಅಡಿಕೆ ತೋಟವಾಯಿತು, ಊರ ಹತ್ತಿರದ್ದು ಸೈಟಾಯಿತು. ಹೆಣ್ಣುಮಕ್ಕಳಿಗೆ ಕೊಡುವ ಅರಿಶಿನ ಕುಂಕುಮ ಮಾತ್ರ ಅಷ್ಟೇ ಉಳಿಯಿತು. 'ಅಕ್ಕಾ, ಬಂದು ಒಂದು ಸೈನ್ ಹಾಕಿ ಹೋಗು, ಮಧ್ಯಾಹ್ನ ಹೋಳಿಗೆ ಊಟ ಮನೇಲೇ' ಎಂದು ತಮ್ಮ ಫೋನು ಮಾಡುತ್ತಾನೆ. ಹಕ್ಕು ಬಿಡುಗಡೆ ಪತ್ರದಲ್ಲಿ ಏನು ಬರೆದಿದೆ ಎಂದು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ಗೌರಿ ಹಬ್ಬಕ್ಕೆ ಕರೆಯುವವರು ಯಾರು, ನಾಳೆ ಕಷ್ಟ ಬಂದರೆ ಹೋಗಿ ನಿಲ್ಲುವುದೆಲ್ಲಿ ಎಂಬ ಚಿಂತೆ. ಈ ಭಯ ಸುಳ್ಳಲ್ಲ. ಅದನ್ನು ಯಾವ ತಜ್ಞರ ಸಮಿತಿಯೂ, ಯಾವ ಶಾಸನಸಭೆಯೂ ತೆಗೆಯಲಾರದು.

ನಮ್ಮ ಮನೆಯಲ್ಲಿ 2011ರಲ್ಲಿ ಪಾಲಾಯಿತು. ಅಕ್ಕತಂಗಿಯರಿಬ್ಬರೂ ತಮ್ಮನೊಂದಿಗೆ ಕೂತು, ಅವನೇ ದುಡಿದು ಬೆಳೆಸಿದ ತೋಟ ಅವನಿಗೇ ಇರಲಿ ಎಂದು ಬಿಟ್ಟು, ಒಂದೊಂದು ಎಕರೆ ಗದ್ದೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ಲೆಕ್ಕದ ಪ್ರಕಾರ ನಮಗೆ ಬರಬೇಕಾದದ್ದು ಇನ್ನೂ ಹೆಚ್ಚು. ಆದರೆ ಬಿಟ್ಟುಕೊಟ್ಟದ್ದನ್ನು ಎಷ್ಟೆಂದು ತಿಳಿದು, ಓದಿ ನೋಡಿ, ನಮ್ಮ ಮನಸ್ಸಿನಿಂದ ಬಿಟ್ಟುಕೊಟ್ಟೆವು. ತಮ್ಮ ಎರಡು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದ. ಗೌರಿ ಹಬ್ಬಕ್ಕೆ ಬಾಗಿನ ಬಂತು. ಆ ಸಲ ಬಾಗಿನದ ಜೊತೆಗೆ ನಮ್ಮ ಗದ್ದೆಯ ಒಂದು ಚೀಲ ಅಕ್ಕಿಯನ್ನೂ ಅವನೇ ಆಟೋದಲ್ಲಿ ಹಾಕಿಸಿ ಕಳಿಸಿದ್ದ. ಪಹಣಿಯಲ್ಲಿ ನನ್ನ ಹೆಸರು ಮೊದಲ ಸಲ ನೋಡಿದಾಗ, ಹಿತ್ತಿಲ ಕೋಣೆಯಲ್ಲಿ ಜೋಳ ಅಳೆಸಿಕೊಳ್ಳುತ್ತಿದ್ದ ನಮ್ಮ ದೊಡ್ಡಜ್ಜಿಯ ಹೆಸರು ಯಾವ ದಫ್ತರಿನಲ್ಲೂ ಇರಲಿಲ್ಲವಲ್ಲ ಎಂಬುದು ನೆನಪಾಯಿತು. ಸಹಿ ಹಾಕಿ ಎಂದು ಯಾರಾದರೂ ಕಾಗದ ಮುಂದಿಟ್ಟರೆ, ಅಮ್ಮಂದಿರೆ, ಅಕ್ಕತಂಗಿಯರೆ, ಹಾಕುವುದು ಬಿಡುವುದು ಆಮೇಲಿನ ಮಾತು. ಮೊದಲು ಕನ್ನಡಕ ತೆಗೆದು ಹಾಕಿಕೊಂಡು ನಿಧಾನವಾಗಿ ಓದಿ.